ದೊರೆ ಬಿಟ್ಟುಹೋದ ಬಣ್ಣ

ತೆಕ್ಕಲಕೋಟೆಯಿಂದ ಉಚ್ಚೆಂಗೆಪ್ಪ ಬಂದ ದಿನ ಎರ್ರಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತೊಂದನೆಯ ಇಸವಿ, ಬೇಸಿಗೆ ಆಗಷ್ಟೇ ಕಾಲಿಡುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನ ಆ ಸಣ್ಣ ಮನೆಗೆ ಸೋದರಮಾವ ಬರುವುದೇ ಅಪರೂಪ. ಬಂದನೆಂದರೆ ಏನೋ ಸಂಗತಿ ಇದ್ದೇ ಇರುತ್ತಿತ್ತು. ಅವನು ಕಾಲು ತೊಳೆದು, ಗೋಡೆಗೆ ಒರಗಿ ಕೂತು, ಎರ್ರಮ್ಮನ ತಾಯಿ, ತನ್ನ ತಂಗಿ ಸುಂಕಲಮ್ಮನಿಗೆ ಸಂಗತಿ ಬಿಚ್ಚಿದ. ಕುರುಗೋಡಿನಲ್ಲಿ ಮೈಲಾರಪ್ಪ ಅಂತ ಒಬ್ಬ ಒಕ್ಕಲಿದ್ದಾನೆ, ಕಾಲುವೆ ಕೆಳಗೆ ಹೊಲ, ತಮ್ಮ ಕುಲದವನೇ. ಅವನ ಮಗಳು ಸತ್ಯಮ್ಮ. ಹುಡುಗಿಯನ್ನು ಸುಂಕಲಮ್ಮನ ಮಗ ಚಿದಾನಂದಪ್ಪನಿಗೆ ಕೊಡಲು ಒಪ್ಪುವ ಹಾಗಿದ್ದಾರೆ. ಬರುವ ಸೋಮವಾರ ಮನೆ ನೋಡಲು ಬರುತ್ತಾರೆ.

ಸುಂಕಲಮ್ಮನ ಮುಖ ಅರಳಿತು. ಮಗನಿಗೆ ಇಪ್ಪತ್ತಾರು ತುಂಬಿತ್ತು. ನಾಟಕ ಕಂಪನಿಗಳಿಗೆ ಪರದೆ ಬರೆಯುವುದು ಅವನ ಕಸುಬು. ಕಾಡು, ಅರಮನೆ, ರಾಜಬೀದಿ ಯಾವುದನ್ನು ಕೇಳಿದರೂ ಬರೆದುಕೊಡುತ್ತಿದ್ದ. ಕಂಪನಿಯ ಕೆಲಸ ಇಲ್ಲದಾಗ ಅಂಗಡಿಗಳ ಬೋರ್ಡು. ಹೆಣ್ಣು ಕೇಳಲು ಹೋದಲ್ಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತಿತ್ತು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಈ ಸಲ ಉಚ್ಚೆಂಗೆಪ್ಪ ಮೊದಲೇ ಜಾಗ್ರತೆ ವಹಿಸಿದ್ದ. ಹುಡುಗನ ಅಪ್ಪ ಕಾಲರಾಕ್ಕೆ ಸತ್ತನೆಂದೂ ಮನೆಯಲ್ಲಿ ತಾಯಿ ಮಗ ಇಬ್ಬರೇ ಎಂದೂ ಹೇಳಿ ಬಂದಿದ್ದ.

ಚಿದಾನಂದಪ್ಪ ಕೆಲಸದಿಂದ ಬಂದು ಊಟಕ್ಕೆ ಕೂತಾಗ ಸುಂಕಲಮ್ಮ ಮಗಳ ಕಡೆ ನೋಡದೆ ಹೇಳಿದಳು.

"ಎರ್ರೀ, ಸಿರುಗುಪ್ಪದಾಗ ಕಂಪನಿ ಕ್ಯಾಂಪ್ ಹಾಕೈತಿ, ಕರೀತಾರ ಅಂದಿದ್ದಿ. ಹೋಗಿ ಇರು ಒಂದಿಷ್ಟು ದಿನ."

"ಎಷ್ಟು ದಿನ?"

"ಲಗ್ನ ಆಗೋಮಟ."

ಎರ್ರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಲಗ್ನಕ್ಕ ಬರಲೋ ಬ್ಯಾಡೋ?"

ಸುಂಕಲಮ್ಮ ಪುಂಡಿಪಲ್ಲೆಯ ಗಡಿಗೆಯಲ್ಲಿ ಸೌಟು ಆಡಿಸಿದಳು. ಉಚ್ಚೆಂಗೆಪ್ಪನೇ ಮೆಲ್ಲಗೆ ಸಮಾಧಾನ ಹೇಳಿದ. ನಾಟಕದಾಕೆ ಅಂತ ಅಲ್ಲ, ಅದನ್ನಾದರೂ ಹೇಗೋ ನಿಭಾಯಿಸಬಹುದು, ಆದರೆ ಅವಳ ಮುಖ ಕಂಡರೆ ಯಾರಿಗೂ ಏನೂ ಹೇಳಬೇಕಾಗಿಯೇ ಇರುವುದಿಲ್ಲ ಎಂದ. ಎರ್ರಮ್ಮ ತಮ್ಮನ ಕಡೆ ನೋಡಿದಳು. ಅವನು ರೊಟ್ಟಿ ಮುರಿದು ಪಲ್ಲೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯುತ್ತಿದ್ದ. ತಲೆ ಎತ್ತಲಿಲ್ಲ.

ಆ ಮನೆ ನಿಂತದ್ದು ಎರ್ರಮ್ಮನ ದುಡಿಮೆಯಿಂದ. ಹದಿನೈದು ವರ್ಷ ಹಳ್ಳಿ ಹಳ್ಳಿ ತಿರುಗಿ ಪಾತ್ರ ಮಾಡಿ ತಂದದ್ದರಲ್ಲಿ ಗೋಡೆ ಎದ್ದಿತ್ತು, ತಮ್ಮನ ಚಿತ್ರದ ಕಲಿಕೆ ನಡೆದಿತ್ತು. ಅದನ್ನು ಅವಳು ಆಗ ಎತ್ತಿ ಆಡಲಿಲ್ಲ. ಮರುದಿನ ಬೆಳಿಗ್ಗೆ ಟ್ರಂಕಿಗೆ ಸೀರೆ ತುಂಬಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು.

ಎರ್ರಮ್ಮ ಹುಟ್ಟಿದ್ದು ಕಂಟೋನ್ಮೆಂಟಿನ ಒಂದು ಬಂಗಲೆಯ ಹಿಂದಿನ ಕೋಣೆಯಲ್ಲಿ. ಸುಂಕಲಮ್ಮ ಹರೆಯದಲ್ಲಿ ಅಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಳು. ಬಂಗಲೆಯ ದೊರೆ ದಂಡಿನ ಸಾಮಾನು ಸರಂಜಾಮು ನೋಡಿಕೊಳ್ಳುವ ಬಿಳಿಯ, ಒಂಟಿ ಮನುಷ್ಯ. ಕೂಸನ್ನು ಮೊದಲು ಎತ್ತಿಕೊಂಡ ಸೂಲಗಿತ್ತಿ ತೆಲುಗಿನಾಕೆ. 'ಎರ್ರಗಾ ಉಂದಿ' ಅಂದಳಂತೆ, ಕೆಂಪಗಿದೆ ಅಂತ. ಎರ್ರಮ್ಮ ಅನ್ನುವುದು ಊರಲ್ಲಿ ಇದ್ದ ಹೆಸರೇ ಆದ್ದರಿಂದ ಅದೇ ಗಟ್ಟಿಯಾಯಿತು. ತಾಮ್ರದ ಬಣ್ಣದ ಕೂದಲು, ಬೂದಿ ಬಣ್ಣದ ಬೆಕ್ಕಿನ ಕಣ್ಣು, ಬಿಸಿಲಿಗೆ ಕೆಂಪೇರುವ ಮೈ. ಮೂರು ವರ್ಷಕ್ಕೆ ಹುಟ್ಟಿದ ಚಿದಾನಂದ ಮಾತ್ರ ಪೂರಾ ತಾಯಿಯ ಹಾಗೆ. ಅದೇ ಕಪ್ಪು ಕೂದಲು, ಅದೇ ಕಣ್ಣು, ಅದೇ ಮೈಬಣ್ಣ. ನಲವತ್ತೇಳರಲ್ಲಿ ದೊರೆ ತನ್ನ ದೇಶಕ್ಕೆ ಹೋಗಿ ಕರೆಸಿಕೊಳ್ಳುತ್ತೇನೆ ಅಂತ ಹೇಳಿ ರೈಲು ಹತ್ತಿದ. ಕರೆ ಬರಲಿಲ್ಲ. ಸುಂಕಲಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು ಕೌಲ್ ಬಜಾರಿಗೆ ಬಂದಳು, ಕೈಗೆ ಸಿಕ್ಕ ಕೂಲಿ ಮಾಡಿದಳು, ಗಂಡ ಸತ್ತ ಅಂತ ಹೇಳಿಕೊಂಡಳು. ಮಗನನ್ನು ನೋಡಿದವರು ನಂಬಿದರು, ಮಗಳನ್ನು ನೋಡಿದವರು ನಕ್ಕರು.

ಶಾಲೆಯಲ್ಲಿ ಅವಳಿಗೆ ದೊರೆಸಾನಿ ಅಂತ ಹೆಸರು. ಶಾಲೆಗೆ ಹೋಗುವಾಗ ತಮ್ಮ ಅವಳ ಜೊತೆ ನಡೆಯುತ್ತಿರಲಿಲ್ಲ; ರಸ್ತೆಯ ಆ ಬದಿ ಹಿಡಿಯುತ್ತಿದ್ದ. ಅವಳಿಗದು ಮೊದಮೊದಲು ತಿಳಿಯಲಿಲ್ಲ, ತಿಳಿದ ಮೇಲೆ ತಾನೇ ಬೇಗ ಹೊರಟು ಅವನಿಗೆ ದಾರಿ ಬಿಟ್ಟುಕೊಟ್ಟಳು. ಒಂದು ಕ್ರಿಸ್‌ಮಸ್ಸಿಗೆ ಕಂಟೋನ್ಮೆಂಟಿನ ಇಗರ್ಜಿಯ ಹತ್ತಿರ ಹೋಗಿ ನಿಂತಿದ್ದಳು. ಅಲ್ಲಿ ಇನ್ನೂ ಉಳಿದಿದ್ದ ಕೆಲವು ಮನೆಗಳ ಮಕ್ಕಳು ಅವಳ ಹಾಗೆಯೇ ಇದ್ದವು, ಗೌನು ತೊಟ್ಟಿದ್ದವು. ಒಬ್ಬ ಹೆಂಗಸು ಹತ್ತಿರ ಬಂದು ನಗುತ್ತ ಏನೋ ಇಂಗ್ಲಿಷಿನಲ್ಲಿ ಕೇಳಿದಳು. ಎರ್ರಮ್ಮ ಉತ್ತರ ಕೊಡಲಾರದೆ ನಿಂತಾಗ ಆಕೆಯ ನಗು ಇಳಿಯಿತು. ಕೈಗೊಂದು ಬಿಸ್ಕತ್ತು ಕೊಟ್ಟು ಗೇಟಿನ ಕಡೆ ತೋರಿಸಿದಳು.

ಹದಿನಾಲ್ಕಕ್ಕೆ ನಾಟಕದವರು ಕರೆದರು. ಯಾವುದೋ ಐತಿಹಾಸಿಕ ನಾಟಕಕ್ಕೆ ಇಂಗ್ಲಿಷ್ ದೊರೆಸಾನಿಯ ಪಾತ್ರ ಬೇಕಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ಹುಡುಗಿ ರಂಗದ ಮೇಲೆ ತನ್ನ ಕನ್ನಡವನ್ನು ತಾನೇ ಮುರಿದು ಆಡಬೇಕು, ಜನ ಹೊಟ್ಟೆ ಹಿಡಿದು ನಗಬೇಕು. ನಕ್ಕರು. ಆಮೇಲೆ ಹಾರ್ಮೋನಿಯಂ ಪೇಟಿಯ ಮಾಸ್ತರರು ಅವಳ ಕಂಠ ಕೇಳಿ ದೊಡ್ಡ ಪಾತ್ರ ಕಲಿಸಿದರು. ಆಗ ಕೂದಲಿಗೆ ಕಪ್ಪು ಹಚ್ಚಿ, ಮುಖಕ್ಕೆ ಕಂದು ಬಣ್ಣ ಬಳಿದು ಸೀತೆಯಾದಳು, ತಾರಾಮತಿಯಾದಳು. ಎಲ್ಲರೂ ಬೆಳ್ಳಗೆ ಕಾಣಲು ಬಣ್ಣ ಹಚ್ಚುವಾಗ ಅವಳೊಬ್ಬಳು ಕರ್ರಗಾಗಲು ಹಚ್ಚುತ್ತಿದ್ದಳು. ಅವಳನ್ನು ಕೇಳಿಕೊಂಡು ಬಂದ ಗಂಡಸರಿದ್ದರು. ಮದುವೆಗೆ ಅಂತ ಕೇಳಿಕೊಂಡು ಬಂದವರು ಇರಲಿಲ್ಲ.

ಸಿರುಗುಪ್ಪದಲ್ಲಿ ಅವಳು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ತಾಲೀಮು, ಹೊತ್ತು ಮುಳುಗಿದ ಮೇಲೆ ಬಣ್ಣ. ಕೆಲವು ವಾರ ಕಳೆದ ಮೇಲೆ ಚಿದಾನಂದಪ್ಪ ಬಂದ. ಕಂಪನಿಗೆ ಹೊಸ ಸಾಮಾಜಿಕ ನಾಟಕ, ಬಂಗಲೆಯ ಪರದೆ ಬೇಕು ಅಂತ ಮಾಲೀಕರು ಹೇಳಿಕಳಿಸಿದ್ದರು. ಥಿಯೇಟರಿನ ನೆಲದ ಮೇಲೆ ಬಟ್ಟೆ ಹಾಸಿ, ಅಂಟು ಕಲಸಿ, ಬರಿಗಾಲಲ್ಲಿ ಅದರ ಮೇಲೆ ಓಡಾಡುತ್ತ ಬರೆಯತೊಡಗಿದ. ಎರ್ರಮ್ಮ ಅವನಿಗೆ ಊಟ ಕಟ್ಟಿಕೊಂಡು ಹೋದಳು. ಶೇಂಗಾ ಚಟ್ನಿ, ಬದನೆಕಾಯಿ, ಬಿಸಿ ಅನ್ನ. ಮದುವೆ ಗೊತ್ತಾಗಿತ್ತು. ಅದನ್ನು ಅವನು ಊಟ ಮಾಡುತ್ತಲೇ ಹೇಳಿದ. ಹುಡುಗಿ ಚೊಲೋ ಇದ್ದಾಳೆ, ಏಳನೆಯವರೆಗೆ ಓದಿದ್ದಾಳೆ ಅಂದ.

ಎರ್ರಮ್ಮ ಪರದೆ ನೋಡುತ್ತಿದ್ದಳು. ಕಮಾನಿನ ಪಡಸಾಲೆ, ಕೆಂಪು ಹೆಂಚು, ಮೆಟ್ಟಿಲ ಎರಡೂ ಕಡೆ ಕುಂಡ.

"ಇದು ಆ ಬಂಗಲಿ ಅಲ್ಲೇನೋ?" ಎಂದಳು. "ಬಿಟ್ಟು ಬಂದಾಗ ನಿನಗ ಎರಡು ವರ್ಷ. ಹೆಂಗ ನೆನಪಿತ್ತು?"

"ನೆನಪಿಲ್ಲ. ಆಗಾಗ ಹೋಗಿ ನೋಡಿ ಬರತಿದ್ದೆ."

"ನಾನೂ ಹೋಗತಿದ್ದೆ."

ಇಬ್ಬರೂ ಅಷ್ಟು ವರ್ಷ ಒಬ್ಬರಿಗೊಬ್ಬರು ಹೇಳದೆ ಅದೇ ಗೇಟಿನ ಮುಂದೆ ಹೋಗಿ ನಿಂತು ಬಂದಿದ್ದರು. ಚಿದಾನಂದಪ್ಪ ಕೈ ತೊಳೆದುಕೊಂಡು ಬಂದು ಅಕ್ಕನ ಪಕ್ಕ ಕೂತ. ಅಂದು ಅವನು ಎಂದೂ ಆಡದಷ್ಟು ಮಾತಾಡಿದ. ಹುಡುಗರು ಅವಳನ್ನು ಕಾಡುವಾಗ ತಾನೂ ಆ ಗುಂಪಿನಲ್ಲಿ ಸೇರಿ ನಕ್ಕದ್ದನ್ನು ಹೇಳಿದ. ಕನ್ನಡಿ ಮುಂದೆ ನಿಂತು ತನ್ನ ಮುಖದಲ್ಲಿ ಎಲ್ಲಾದರೂ ಗುರುತಿದೆಯೋ ಅಂತ ಹುಡುಕಿ, ಸಿಗದಾಗ ಸಮಾಧಾನಪಟ್ಟದ್ದನ್ನು ಹೇಳಿದ. ಮನುಷ್ಯರ ಮುಖ ಬರೆಯಲು ಕೂತರೆ ಕೈ ಓಡುವುದಿಲ್ಲ, ಅದಕ್ಕೇ ಗಿಡ ಮರ ಕಂಬ ಬರೆಯುತ್ತೇನೆ ಎಂದ.

"ನಾ ನಮ್ಮವ್ವನ ಬಣ್ಣದಾಗ ಅಡಗಿಕೊಂಡೆ ಅಕ್ಕಾ. ನಿನಗ ಅಡಗಾಕ ಜಾಗ ಸಿಗಲಿಲ್ಲ."

ಎರ್ರಮ್ಮನಿಗೆ ಅಳು ಬಂದಿತ್ತು, ಅಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

"ಆ ಹುಡಿಗಿಗೆ ಹೇಳೀಯೇನು?"

"ಇಲ್ಲ."

"ಹೇಳು. ನಾ ಲಗ್ನಕ್ಕ ಬರಲಿಲ್ಲಂದ್ರ ಹೋತು. ಆದರ ನಾಳೆ ನಿನಗ ನನ್ನಂಥ ಕೂಸು ಹುಟ್ಟಿದರ ಅಪವಾದ ಯಾರ ಮ್ಯಾಲ ಬರತೈತಿ ಹೇಳು. ನಿನ್ನ ಮ್ಯಾಲ ಬರಂಗಿಲ್ಲ, ಅಕಿ ಮ್ಯಾಲ ಬರತೈತಿ."

ಚಿದಾನಂದಪ್ಪ ಕುಂಚ ಅದ್ದಿ ಬಟ್ಟೆಯ ಮೇಲೆ ಇನ್ನೊಂದು ಹೆಂಚು ಬರೆದ. ಕಡೆಗೆ, ಲಗ್ನಕ್ಕಿಂತ ಮೊದಲು ತಾನೇ ಅವಳಿಗೆ ಹೇಳುತ್ತೇನೆ ಅಂತ ಮಾತು ಕೊಟ್ಟ.

ಅದಾದ ಮೇಲೆ ಕುರುಗೋಡಿನ ಹುಡುಗರು ಒಂದು ನಾಟಕ ಆಡಲು ಹೊರಟರು. ಹೆಣ್ಣು ಪಾತ್ರಕ್ಕೆ ಕಂಪನಿಯಿಂದ ಎರ್ರಮ್ಮನನ್ನು ಗೊತ್ತು ಮಾಡಿದರು. ಅವಳು ಬರುವುದಿಲ್ಲ ಎಂದಳು. ಮಾಲೀಕರು ಕೇಳಲಿಲ್ಲ, ಮಾತು ಕೊಟ್ಟಾಗಿದೆ ಎಂದರು. ಊರಿಗೆ ಹೋಗಿ ಇಳಿದ ಮೇಲೆ ತಿಳಿಯಿತು, ಕಲಾವಿದರ ಊಟದ ಏರ್ಪಾಡು ಮೈಲಾರಪ್ಪನ ಮನೆಯಲ್ಲಿ. ಕೂದಲಿಗೆ ಕಪ್ಪು, ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡೇ ಬಂದಿದ್ದಳು. ಸೆರಗು ಹೊದ್ದು, ಕಣ್ಣು ತಗ್ಗಿಸಿ ಪಡಸಾಲೆಯಲ್ಲಿ ಗೋಡೆ ಮಗ್ಗುಲಿಗೆ ಕೂತಳು. ಮಧ್ಯಾಹ್ನದ ಹೊತ್ತು. ಬಡಿಸಲು ಬಂದವಳು ಸತ್ಯಮ್ಮ.

ಹತ್ತೊಂಬತ್ತರ ಹುಡುಗಿ, ಗುಂಡು ಮುಖ, ಮಾತು ಸರಾಗ. ಉಳಿದವರು ಕೈ ತೊಳೆಯಲು ಎದ್ದ ಮೇಲೆ ಎರ್ರಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ಇನ್ನಷ್ಟು ಅನ್ನ ನೀಡಿದಳು. ತನ್ನನ್ನೂ ಬಳ್ಳಾರಿಗೇ ಕೊಡುತ್ತಿದ್ದಾರೆ, ಪರದೆ ಬರೆಯುವ ಚಿದಾನಂದಪ್ಪ ಅಂತ, ನಾಟಕದವರಿಗೆ ಗೊತ್ತಿರಬೇಕಲ್ಲ ಎಂದಳು.

"ಗೊತ್ತು," ಅಂದಳು ಎರ್ರಮ್ಮ.

"ಹೆಂಗ ಅದಾರ ಮನಶಾ?"

"ಮಾತು ಕಮ್ಮಿ. ಕೈಯಾಗ ವಿದ್ಯೆ ಐತಿ. ಚಟ ಇಲ್ಲ."

ಸತ್ಯಮ್ಮ ತಲೆ ತಗ್ಗಿಸಿ ನಕ್ಕಳು. ಆಮೇಲೆ, ಅಲ್ಲಿ ಅತ್ತೆ ಒಬ್ಬಳೇ, ಅಕ್ಕ ತಂಗಿ ಯಾರೂ ಇಲ್ಲವಂತೆ, ಒಬ್ಬ ನಾದಿನಿ ಇದ್ದಿದ್ದರೆ ಮಾತಿಗೆ ಜೊತೆಯಾಗುತ್ತಿತ್ತು ಎಂದಳು. ಎರ್ರಮ್ಮನ ಕೈ ಅನ್ನದಲ್ಲೇ ನಿಂತಿತು. ತಮ್ಮ ಇನ್ನೂ ಹೇಳಿಲ್ಲ. ಲಗ್ನಕ್ಕೆ ಇನ್ನೂ ದಿನ ಇದೆ, ಹೇಳುತ್ತಾನೆ, ಹೇಳಬೇಕಾದವನು ಅವನು, ನಾನು ನಡುವೆ ಬಾಯಿ ಹಾಕಿದರೆ ಕೂಡಿಬಂದದ್ದು ನನ್ನಿಂದ ಮುರಿಯಿತು ಅಂತ ಆಗುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡು ಅವಳು ಊಟ ಮುಗಿಸಿದಳು. ಮಜ್ಜಿಗೆ ಚೊಲೋ ಇತ್ತವ್ವ, ಎಂದಷ್ಟೇ ಹೇಳಿ ಎದ್ದಳು.

ಮದುವೆ ಕುರುಗೋಡಿನಲ್ಲೇ ಆಯಿತು. ಆ ದಿನ ಎರ್ರಮ್ಮ ಸಿರುಗುಪ್ಪದಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಸಜ್ಜಿಗೆ ಮಾಡಿಕೊಂಡು ತಿಂದಳು.

ದೀಪಾವಳಿ ಮುಗಿದ ಮೇಲೆ ತಾಯಿಯನ್ನು ನೋಡಬೇಕೆನಿಸಿ, ಮತ್ತೆ ಹಾಗೆಯೇ ಬಣ್ಣ ಹಚ್ಚಿಕೊಂಡು, ಸೆರಗು ಹೊದ್ದು ಬಳ್ಳಾರಿಗೆ ಹೋದಳು. ಬಾಗಿಲು ತೆಗೆದವಳು ಸತ್ಯಮ್ಮ. ಅವಳಿಗೆ ಬಸುರು ನಿಂತು ಐದು ತಿಂಗಳಾಗಿತ್ತು. ಸುಂಕಲಮ್ಮ ಸೊಸೆಯನ್ನು ಓಣಿಯವರ ಜೊತೆ ಬೆರೆಯಲು ಬಿಟ್ಟಿರಲಿಲ್ಲ, ಅವಳ ಕಿವಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಗುರುತು ಹಿಡಿದು, ನಾಟಕದ ಅಕ್ಕಾರು ಬಂದಾರ ನೋಡ್ರಿ ಅತ್ತಿ, ಅಂತ ಸಂತೋಷದಿಂದ ಒಳಗೆ ಕೂಗಿದಳು. ಸುಂಕಲಮ್ಮ ಹೊರಗೆ ಬಂದು ಮಗಳನ್ನು ನೋಡಿ, "ಪರಿಚಯದವರು. ಕುಂಡ್ರರಿ," ಎಂದಳು. ಎರ್ರಮ್ಮ ತಾನೇ ಕಟ್ಟಿಸಿದ ಮನೆಯಲ್ಲಿ ಚಾಪೆಯ ಮೇಲೆ ಕೂತು ಒಗ್ಗಾಣಿ ತಿಂದಳು. ಸತ್ಯಮ್ಮ ಅವಳಿಗೆ ಎಲೆ ಅಡಿಕೆ ಕೊಟ್ಟು ಉಪಚಾರ ಮಾಡಿದಳು. ಹೊರಟಾಗ ಚಿದಾನಂದಪ್ಪ ಓಣಿಯ ತುದಿಯವರೆಗೆ ಬಂದ. ಅವಳು ಏನೂ ಕೇಳುವ ಮೊದಲೇ, ಹೆರಿಗೆ ಆಗಲಿ, ಆಮೇಲೆ ಹೇಳುತ್ತೇನೆ ಎಂದ. ಅಷ್ಟು ಹೊತ್ತಿಗೆ ಮುಗಿದಿರತೈತಿ, ಅಂದಳು ಎರ್ರಮ್ಮ.

ಚೊಚ್ಚಲ ಹೆರಿಗೆ ತವರಲ್ಲಿ. ಹೆಣ್ಣು ಕೂಸು ಹುಟ್ಟಿದ ಸುದ್ದಿ ಕುರುಗೋಡಿನಿಂದ ಬಂತು. ಸುಂಕಲಮ್ಮ ತೊಟ್ಟಿಲಿಗೆ ಬೇಕಾದ್ದನ್ನೆಲ್ಲ ಹೊಂದಿಸಿಕೊಂಡು ಹೋದಳು. ಹೋದವಳು ಅಂದೇ ತಿರುಗಿ ಬಂದಳು. ತಂದಿದ್ದ ಗಂಟು ಬಿಚ್ಚಿರಲಿಲ್ಲ. ಮಗನಿಗೆ ಏನೂ ಹೇಳದೆ ಮಲಗಿಬಿಟ್ಟಳು. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಸಿರುಗುಪ್ಪಕ್ಕೆ ಹೋಗುವವರೊಬ್ಬರ ಕೈಲಿ ಎರ್ರಮ್ಮನಿಗೆ ಬರಲು ಹೇಳಿಕಳಿಸಿದಳು.

ಎರ್ರಮ್ಮ ಬಂದಾಗ ತಾಯಿ ಒಲೆ ಹೊತ್ತಿಸದೆ ಕೂತಿದ್ದಳು. ಚಿದಾನಂದಪ್ಪ ಅಂಗಳದಲ್ಲಿ ಕುಂಚ ತೊಳೆಯುತ್ತಿದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಸುಂಕಲಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನೀನಾ ಹುಟ್ಟಿ ಬಂದಂಗ ಐತಿ," ಎಂದಳು.

ಉಳಿದದ್ದನ್ನು ಅಂಗಳದಲ್ಲಿದ್ದ ಮಗನಿಗೂ ಕೇಳುವ ಹಾಗೆ ತುಂಡು ತುಂಡಾಗಿ ಹೇಳಿದಳು. ತಾಮ್ರದ ಕೂದಲು, ಬೂದಿ ಕಣ್ಣು. ಊರ ಹೆಂಗಸರು ನೋಡಿ ನೋಡಿ ಹೋಗಿದ್ದಾರೆ. ಕಾಲುವೆ ಕೆಲಸಕ್ಕೆ ಬಂದ ಓವರ್‌ಸಿಯರ್ ಒಬ್ಬ ಕೆಂಪನೆಯ ಮನುಷ್ಯ, ಮೈಲಾರಪ್ಪನ ಕಟ್ಟೆಗೆ ಬಂದು ಕೂರುತ್ತಿದ್ದನಂತೆ; ಅವನ ಹೆಸರು ಹಿಡಿದು ಆಡುತ್ತಿದ್ದಾರೆ. ಮೈಲಾರಪ್ಪ ಬಾಣಂತಿ ಮಗಳ ಮೇಲೆ ಕೈ ಮಾಡಿದ್ದಾನೆ. ಕೂಸನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅವಳ ಜೊತೆ ಹಾಕಿದ್ದಾರೆ. ಸತ್ಯಮ್ಮ ತನ್ನನ್ನು ನೋಡಿ, ನಾ ಏನೂ ಮಾಡಿಲ್ಲ ಅತ್ತಿ, ನಿಮ್ಮ ಮಗನ್ನ ಕಳಿಸ್ರಿ, ಎಂದು ಕಾಲು ಹಿಡಿದಳು. ತಾನು ಬಾಯಿ ಬಿಡಲಾರದೆ ಎದ್ದು ಬಂದೆ ಎಂದಳು.

ಎರ್ರಮ್ಮ ಅಂಗಳಕ್ಕೆ ಹೋಗಿ ತಮ್ಮನ ಕೈಯಿಂದ ಕುಂಚ ಕಿತ್ತುಕೊಂಡಳು.

"ಏಳು. ಅಂಗಿ ಹಾಕ್ಕ. ಕುರುಗೋಡಿಗೆ ಬಸ್ಸೈತಿ."

"ಹೋಗಿ ಏನಂತ ಹೇಳಲಿ?"

"ಇದ್ದದ್ದು ಹೇಳು."

"ನಮ್ಮವ್ವ ಒಬ್ಬ ಬಿಳಿಯಗ ಇಟಗೊಂಡಾಕಿ ಆಗಿದ್ದಳು ಅಂತ ಹತ್ತು ಮಂದಿ ಮುಂದ ನಿಂತು ನಾ ಹೇಳಬೇಕೇನು? ಅವ್ವ ಸಾಯತಾಳ. ನನಗ ಈ ಊರಾಗ ಯಾರೂ ಕೆಲಸ ಕೊಡಂಗಿಲ್ಲ."

"ಅಲ್ಲಿ ಅಕಿನ್ನ ಹೊಡ್ಯಾಕ ಹತ್ಯಾರೋ."

"ನಾಲ್ಕು ದಿನ ಹೋಗಲಿ. ತಣ್ಣಗಾಗಲಿ."

ಸುಂಕಲಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋಗಿ ಇದ್ದುದರಲ್ಲಿ ಚೆನ್ನಾದ ಸೀರೆ ಉಟ್ಟು ಬಂದಳು. ಮಗನ ಮುಂದೆ ನಿಂತು ನಿಧಾನವಾಗಿ ಹೇಳಿದಳು.

"ನನ್ನ ಮಾನ ಕಾಯಾಕ ಹೋಗಿ ಆ ಹುಡಿಗಿ ಮಾನ ಕಳೀಬ್ಯಾಡಪ್ಪ. ನಾ ಹೋಗತೀನಿ. ನೀ ಬಂದರ ಬಾ."

ಅವನು ಬರಲಿಲ್ಲ. ತಾಯಿ ಮಗಳು ಬಸ್ಸು ನಿಲ್ದಾಣದವರೆಗೆ ನಡೆದು ಹೋದರು. ಎರ್ರಮ್ಮ ಅಂದು ಕೂದಲಿಗೆ ಕಪ್ಪು ಹಚ್ಚಿರಲಿಲ್ಲ, ಸೆರಗು ಹೊದ್ದಿರಲಿಲ್ಲ. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು.

ಮೈಲಾರಪ್ಪನ ಅಂಗಳದಲ್ಲಿ ಅವನೂ ಅವನ ಹೆಂಡತಿ ಹುಲುಗಮ್ಮನೂ ನೆರೆಯ ನಾಲ್ಕಾರು ಜನರೂ ಇದ್ದರು. ಶೇಂಗಾ ಒಣಗಿಸಿದ ಚಾಪೆಯ ಪಕ್ಕ ಸುಂಕಲಮ್ಮ ನಿಂತಳು. ಕೂತುಕೊಳ್ಳಿ ಅಂತ ಯಾರೂ ಹೇಳಲಿಲ್ಲ. ಅವಳು ಎರ್ರಮ್ಮನ ಕೈ ಹಿಡಿದು ಮುಂದಕ್ಕೆ ಎಳೆದಳು.

"ಬೀಗರಽ, ಇಕಿನ್ನ ನೋಡ್ರಿ. ನನ್ನ ಹಿರೇ ಮಗಳು. ಚಿದಾನಂದನ ಒಡಹುಟ್ಟಿದ ಅಕ್ಕ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಹುಲುಗಮ್ಮ ಮಾತ್ರ ಎರ್ರಮ್ಮನ ಕೂದಲು ನೋಡಿ, ಕಣ್ಣು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನೆಲಕ್ಕೆ ಕುಸಿದಳು. ಸುಂಕಲಮ್ಮ ನಿಲ್ಲಿಸಲಿಲ್ಲ.

"ನನ್ನ ಗಂಡ ಕಾಲರಾಕ್ಕ ಸತ್ತಿಲ್ಲ. ನನಗ ತಾಳಿ ಕಟ್ಟಿದವರು ಯಾರೂ ಇಲ್ಲ. ದಂಡಿನ ಬಂಗಲ್ಯಾಗ ಅಡುಗಿ ಮಾಡಾಕ ಹೋಗಿದ್ದೆ, ಅಲ್ಲಿ ದೊರಿಗೆ ಎರಡು ಮಕ್ಕಳು ಹಡದೆ. ಅಂವ ಬಿಟ್ಟು ಹೋದ. ಈ ಬಣ್ಣ ಅವನ ಕಡೀದು. ಮಗನ ಮೈಯಾಗ ಕಾಣಲಿಲ್ಲ, ಮೊಮ್ಮಗಳ ಮೈಯಾಗ ಬಂದೈತಿ. ನಿಮ್ಮ ಮಗಳದು ಏನೂ ತಪ್ಪಿಲ್ರಿ. ತಪ್ಪು ನಂದು. ಮುಚ್ಚಿಟ್ಟು ಕೇಳಿದೆ."

ಬಂದ ನೆರೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುವ ಮಾತು ಅವರಿಗೆ ಸಿಕ್ಕಿತ್ತು. ಮೈಲಾರಪ್ಪ ಎದ್ದು ಬಂದು ಸುಂಕಲಮ್ಮನ ಎದುರು ನಿಂತ. ಹೊಡೆಯುತ್ತಾನೆ ಅಂದುಕೊಂಡಳು ಎರ್ರಮ್ಮ. ಅವನು ತನ್ನ ಬಲಗೈಯನ್ನು ತಾನೇ ನೋಡಿಕೊಂಡ, ಕಟ್ಟೆಗೆ ಹೋಗಿ ಅತ್ತ ಮುಖ ಮಾಡಿ ಕೂತುಬಿಟ್ಟ.

ಸತ್ಯಮ್ಮ ಕೋಣೆಯಿಂದ ಹೊರಗೆ ಬಂದಿದ್ದಳು. ಕೆನ್ನೆಯ ಒಂದು ಬದಿ ಬಾತಿತ್ತು. ತೋಳಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು. ಎಲ್ಲವನ್ನೂ ಕೇಳಿದ್ದಳು. ಎರ್ರಮ್ಮನ ಎದುರು ಬಂದು ನಿಂತಳು.

"ಇಲ್ಲೇ ಪಡಸಾಲ್ಯಾಗ ಕುಂತು ಉಂಡ್ರಿ," ಎಂದಳು. "ನಾ ಕೇಳಿದೆ ನಿಮಗ. ಬಾಯಿ ಬಿಟ್ಟು ಕೇಳಿದೆ."

ಎರ್ರಮ್ಮ ತಲೆ ತಗ್ಗಿಸಿದಳು.

ಸತ್ಯಮ್ಮ ಅತ್ತೆಯ ಕಡೆ ತಿರುಗಿದಳು. "ಅತ್ತಿ, ನಿಮ್ಮ ಮಗ ಎಲ್ಲಿ?"

"ಬಂದಿಲ್ಲವ್ವ."

"ಅವರಿಗೆ ಮೊದಲಽ ಗೊತ್ತಿತ್ತು."

"ಗೊತ್ತಿತ್ತು."

"ಹಂಗಾರ ನಾ ಬರಂಗಿಲ್ರಿ," ಎಂದಳು ಸತ್ಯಮ್ಮ. "ಬಣ್ಣಕ್ಕಲ್ಲ. ನನಗ ಹೊಡಿಯೂವಾಗ ಅವರು ಸುಮ್ಮನ ಕುಂತ್ರು."

ಸುಂಕಲಮ್ಮ ಕೂಸನ್ನು ಒಂದು ಸಲ ಎತ್ತಿಕೊಳ್ಳಲು ಕೇಳಿದಳು. ಸತ್ಯಮ್ಮ ಕೊಟ್ಟಳು. ಅಜ್ಜಿ ಅದರ ನೆತ್ತಿ ಮೂಸಿ, ತಿರುಗಿ ಕೊಟ್ಟಳು. ಅಷ್ಟೇ. ಸಂಜೆ ಬಸ್ಸಿಗೆ ಇಬ್ಬರೂ ಬಂದರು.

ಚಿದಾನಂದಪ್ಪ ಮರುದಿನವೇ ಕುರುಗೋಡಿಗೆ ಹೋದ. ಸತ್ಯಮ್ಮ ಹೊರಗೆ ಬರಲಿಲ್ಲ. ಮುಂದಿನ ವಾರ ಹೋದ, ಅದರ ಮುಂದಿನ ವಾರವೂ ಹೋದ. ಹುಲುಗಮ್ಮ ಕೂಸನ್ನು ತಂದು ತೋರಿಸುತ್ತಿದ್ದಳು. ಅವನು ಕಟ್ಟೆಯ ಮೇಲೆ ಕೂತು ಎತ್ತಿಕೊಂಡು, ತೊಡೆಯ ಮೇಲೆ ಆಡಿಸಿ, ಕೊಟ್ಟು ಬರುತ್ತಿದ್ದ. ಮೈಲಾರಪ್ಪ ಮಗಳನ್ನು ಕಳಿಸುವ ಮಾತೆತ್ತಲಿಲ್ಲ. ಅವಳ ಪಾಲಿಗೆ ಅಂತ ಒಂದು ಎಮ್ಮೆ ಕಟ್ಟಿದ. ಕೂಸಿಗೆ ಉಚ್ಚಂಗೆಮ್ಮ ಅಂತ ಹೆಸರಿಟ್ಟರು.

ಎರ್ರಮ್ಮ ಸಿರುಗುಪ್ಪದ ಕೋಣೆ ಬಿಟ್ಟು ಮನೆಗೆ ಬಂದಳು. ಈಗ ಅವಳು ಮನೆಯಲ್ಲಿ ಇರಬಾರದು ಅನ್ನಲು ಕಾರಣವೇ ಉಳಿದಿರಲಿಲ್ಲ. ಓಣಿಯವರು ಕೆಲವು ದಿನ ಆಡಿಕೊಂಡರು, ಆಮೇಲೆ ಅವರಿಗೂ ಸಾಕಾಯಿತು. ಚಿದಾನಂದಪ್ಪ ಹೆದರಿದ ಹಾಗೆ ಯಾರೂ ಅವನ ಕೆಲಸ ಕಿತ್ತುಕೊಳ್ಳಲಿಲ್ಲ. ಅದು ತಿಳಿದ ಮೇಲೆ ಅವನು ಇನ್ನಷ್ಟು ಕುಗ್ಗಿದ. ಅಕ್ಕ ತಮ್ಮ ಒಂದೇ ಮನೆಯಲ್ಲಿ ಉಂಡರು, ಮಲಗಿದರು, ಬೇಕಾದಷ್ಟೇ ಮಾತಾಡಿದರು.

ಎರಡು ವರ್ಷದ ಮೇಲೆ ಸುಂಕಲಮ್ಮ ಹಾಸಿಗೆ ಹಿಡಿದಳು. ಎರ್ರಮ್ಮ ಗಂಜಿ ಕುಡಿಸುತ್ತ ಕೊನೆಗೂ ಕೇಳಿದಳು, ಆ ದೊರೆಯ ಹೆಸರೇನು ಅಂತ. ಹೆಸರು ತನ್ನ ನಾಲಿಗೆಗೆ ಎಂದೂ ತಿರುಗಲಿಲ್ಲ, ದೊರಿ ಅಂತಲೇ ಕರೆಯುತ್ತಿದ್ದೆ, ಅವನೂ ನನ್ನ ಹೆಸರು ಹೇಳಲು ಬಾರದೆ ಸುಂಕೂ ಅಂತಿದ್ದ ಎಂದಳು ತಾಯಿ. ಹಾಗೆ ಹೇಳುವಾಗ ಅವಳ ಬಾಡಿದ ಮುಖದಲ್ಲಿ ಒಂದು ನಗೆ ಮೂಡಿತ್ತು, ಅದನ್ನು ಎರ್ರಮ್ಮ ಮೊದಲ ಸಲ ಕಂಡಳು. ಅವಳು ತೀರಿಕೊಂಡಾಗ ಮಣ್ಣಿಗೆ ಸತ್ಯಮ್ಮ ಬಂದಳು. ಎರ್ರಮ್ಮನ ಜೊತೆ ನಿಂತು ಅತ್ತೆಯ ಮೈ ತೊಳೆದಳು, ಗಂಡನ ಕಡೆ ನೋಡದೆ ಬಸ್ಸಿಗೆ ಹೋದಳು. ಹೋಗುವ ಮುಂಚೆ ಮಾತ್ರ, ಹುಡುಗಿ ದೊಡ್ಡವಳಾದ ಮೇಲೆ ಸೂಟಿಯಲ್ಲಿ ನಿಮ್ಮ ಹತ್ತಿರ ಕಳಿಸುತ್ತೇನೆ ಎಂದು ಎರ್ರಮ್ಮನಿಗೆ ಹೇಳಿದಳು.

ಎಪ್ಪತ್ತೆಂಟರ ಬೇಸಿಗೆಗೆ ಉಚ್ಚಂಗೆಮ್ಮ ಬಳ್ಳಾರಿಗೆ ಬಂದಳು. ಆರು ವರ್ಷದ ಹುಡುಗಿ, ತಾಯಿಯ ಹಾಗೆ ಸರಾಗ ಮಾತು. ಒಂದು ಮಧ್ಯಾಹ್ನ ಓಣಿಯ ಮಕ್ಕಳ ಜೊತೆ ಆಡಲು ಹೋದವಳು ಬೇಗ ತಿರುಗಿ ಬಂದಳು. ಅಳುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದ ಎರ್ರಮ್ಮನ ಎದುರು ಕೂತಳು.

"ಅತ್ತಿ, ನಿಂದೂ ನಂದೂ ಬಣ್ಣ ಯಾಕ ಹಿಂಗ ಐತಿ? ನಮ್ಮವ್ವಗ ಕೇಳಿದರ, ನಿಮ್ಮತ್ತಿ ಹೇಳತಾಳ ಅಂದಳು."

ಎರ್ರಮ್ಮ ಮೊರ ಕೆಳಗಿಟ್ಟಳು. ಈ ಮಾತನ್ನು ತಾನು ಇಷ್ಟೇ ಎತ್ತರ ಇದ್ದಾಗ ತಾಯಿಗೆ ಕೇಳಿ ಬೆನ್ನ ಮೇಲೆ ಏಟು ತಿಂದದ್ದು ನೆನಪಾಯಿತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು ಎಲ್ಲ ಹೇಳಿದಳು. ನಿಮ್ಮಜ್ಜಿ ಹೇಗೆ ಕೆಲಸಕ್ಕೆ ಹೋದಳು, ಬಂಗಲೆಯಲ್ಲಿ ಯಾರಿದ್ದರು, ಹೇಗೆ ಹೊರಟುಹೋದರು, ನಾನು ಹೇಗೆ ಬೆಳೆದೆ, ನಿಮ್ಮಪ್ಪ ಹೇಗೆ ಬೆಳೆದ, ನಿಮ್ಮವ್ವನಿಗೆ ಹೇಗೆ ಮುಚ್ಚಿಟ್ಟೆವು. ಸಣ್ಣ ಹುಡುಗಿ ಅಂತ ಏನನ್ನೂ ಬಿಡಲಿಲ್ಲ. ಚಿದಾನಂದಪ್ಪ ಊಟಕ್ಕೆ ಬಂದವನು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡ.

ಹುಡುಗಿ ತಲೆ ಎತ್ತಿ ಅವನನ್ನು ನೋಡಿದಳು. "ಅಪ್ಪಾ, ನಿನಗ ಇದೆಲ್ಲ ಗೊತ್ತಿತ್ತೇನು?"

"ಗೊತ್ತಿತ್ತವ್ವ."

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

ಅವನು ಅಕ್ಕನ ಕಡೆ ನೋಡಿದ. ಎರ್ರಮ್ಮ ಅವನ ಸಹಾಯಕ್ಕೆ ಹೋಗಲಿಲ್ಲ.

"ಅಂಜಿಕಿ ಆತು," ಎಂದ.

"ಈಗ ಹೇಳು."

"ಈಗ ಅಕಿಗೆ ಗೊತ್ತೈತಲ್ಲವ್ವ."

"ನೀ ಹೇಳಿಲ್ಲಲ್ಲ," ಎಂದಳು ಹುಡುಗಿ.

ಸೂಟಿ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಅವನೇ ಕುರುಗೋಡಿಗೆ ಹೋದ. ಸಂಜೆ ಒಬ್ಬನೇ ತಿರುಗಿ ಬಂದು ಅಂಗಳದ ಕಲ್ಲಿನ ಮೇಲೆ ಕೂತ. ಎರ್ರಮ್ಮ ಹೊರಗೆ ಬಂದಳು. ಸತ್ಯಮ್ಮ ಆ ದಿನ ಬಾಗಿಲಿಗೆ ಬಂದಳಂತೆ. ಅವನು ನಿಂತುಕೊಂಡೇ ಹೇಳಬೇಕಾದ್ದನ್ನೆಲ್ಲ ಹೇಳಿದನಂತೆ, ಹುಟ್ಟಿದ್ದರಿಂದ ಹಿಡಿದು ಅಂದು ಬಸ್ಸು ಹತ್ತದೆ ಉಳಿದದ್ದರವರೆಗೆ.

"ಏನಂದಳು?" ಎಂದು ಕೇಳಿದಳು ಎರ್ರಮ್ಮ.

"ಏನೂ ಅನ್ನಲಿಲ್ಲ. ಪೂರಾ ಕೇಳಿದಳು. ಕುಡ್ಯಾಕ ನೀರು ಕೊಟ್ಟಳು."

"ಆಮ್ಯಾಲ?"

"ಕುಡದೆ," ಎಂದ ಚಿದಾನಂದಪ್ಪ. "ಚರಗಿ ಅಕಿ ಕೈಗೆ ಕೊಟ್ಟೆ. ಬಸ್ಸಿಗೆ ಹೊತ್ತಾಗತೈತಿ, ಹೋಗ್ರಿ ಅಂದಳು. ಬಂದೆ."